ಎರಡು ಸಮಾಧಿಗಳಲ್ಲಿ ಮೃತ್ಯುವಿನ ರೂಪ

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಬರೋಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಶಿಲ್ಪಸಂಪ್ರದಾಯವು ಮಹಾಪುರುಷರ ಸಮಾಧಿಗಳ ಮೇಲೆ ಅಸ್ಥಿಪಂಜರವನ್ನು ತಂದು ನಿಲ್ಲಿಸಿತು. ದೇಹವು ನಶ್ವರವೆಂದು ಸಾರುವುದಕ್ಕೆ ಅಷ್ಟೇ ಸಾಕು. ಆದರೆ ಸಮಾಧಿಯನ್ನು ಕಟ್ಟಿಸುವವನು ತನ್ನ ಪದವಿಯನ್ನೂ ಸಾರಬಯಸುವನಷ್ಟೆ. ಇವೆರಡರಲ್ಲಿ ಯಾವುದು ಯಾವುದಕ್ಕೆ ಊಳಿಗ ಮಾಡುವುದೆಂಬುದನ್ನು, ರೋಮಾಪುರಿಯ ಸಂತ ಪೀಟರನ ಮಹಾದೇವಾಲಯದಲ್ಲಿ ಜಾನ್ ಲೊರೆಂಜೊ ಬೆರ್ನೀನಿ (೧೫೯೮–೧೬೮೦) ಎಂಬ ಒಬ್ಬನೇ ಶಿಲ್ಪಿಯು ರಚಿಸಿದ ಎರಡು ಸಮಾಧಿಗಳಿಂದ ತಿಳಿಯಬಹುದು.

ಮೊದಲನೆಯದು ಬಾರ್ಬೆರಿನಿ ಮನೆತನದ ಎಂಟನೆಯ ಅರ್ಬನ್ ಪೋಪನದು. ಅವನು ಬದುಕಿದ್ದಾಗಲೇ ಮೊದಲಾದ ಕೆಲಸವು ಅವನು ತೀರಿಕೊಂಡ ಮೂರು ವರ್ಷಗಳ ಮೇಲೆ, ೧೬೪೭ರಲ್ಲಿ ಮುಗಿಯಿತು. ಕಂಚಿನ ಪೋಪನು ಕಿರೀಟಧಾರಿಯಾಗಿ ಎತ್ತರದ ಪೀಠದಲ್ಲಿ ಕುಳಿತು ಕೈಯೆತ್ತಿ ಹರಸುತ್ತಿರುವನು. ಕೆಳಗೆ ಕಪ್ಪುಶಿಲೆಯ ಶವಪೇಟಿಕೆಯ ಮೇಲೆ ರೆಕ್ಕೆಯುಳ್ಳ ಮೃತ್ಯುವು ಅವನ ಹೆಸರನ್ನು ಹೊನ್ನಿನ ಅಕ್ಷರಗಳಲ್ಲಿ ಬರೆಯುತ್ತಿರುವುದು. ಚಿತ್ರಗುಪ್ತನು ಪಾಪಪುಣ್ಯಗಳೆರಡನ್ನೂ ಬರೆದಿಡುವನು; ಈ ಕರಣಿಕನಾದರೋ ಬಿರುದನ್ನು ಮಾತ್ರ ಬರೆಯುವನು! ಮನೆತನದ ಲಾಂಛನವಾದ ಜೇನುನೊಣಗಳೂ ಅಲ್ಲಲ್ಲಿ ಬಂದು ಕುಳಿತಿವೆ. ಇಲ್ಲಿ ಮೃತ್ಯುವು ಆಸ್ಥಾನದ ಸೇವಕ.

ಏಳನೆಯ ಅಲೆಗ್ಸಾಂಡರನು (೧೬೫೫–೧೬೬೭) ಪೀಠವೇರಿದ ಕೆಲವು ದಿನಗಳಲ್ಲಿಯೇ ಬೆರ್ನೀನಿಯಿಂದ ಅಮೃತಶಿಲೆಯ ತಲೆಬುರುಡೆಯೊಂದನ್ನು ಮಾಡಿಸಿಕೊಂಡನು. ಡ್ರೆಸ್ಡೆನ್ ನಗರದ ಸಂಗ್ರಹದಲ್ಲಿ ಕರ್ತೃವಿನ ಹೆಸರಿಲ್ಲದೆ ಇದ್ದ ಬುರುಡೆಯು ಅದೇ ಎಂಬುದು ೨೦೨೧ರಲ್ಲಿ ಪ್ರಕಟವಾಯಿತು. ದೇವಾಲಯದ ಮುಂದಣ ಭವ್ಯವಾದ ಸ್ತಂಭಾವಳಿಯನ್ನು ಕಟ್ಟಿಸಿದವನೂ ಇವನೇ.

ಇವನ ಸಮಾಧಿಯು ಸಿದ್ಧವಾದದ್ದು ೧೬೭೮ರಲ್ಲಿ. ಶಿಲ್ಪಿಗೆ ಆಗ ಎಂಬತ್ತು ತುಂಬುವ ಕಾಲ. ದೊರೆತ ಸ್ಥಳದಲ್ಲಿ ಒಂದು ಬಾಗಿಲಿತ್ತು. ಬೇರೊಬ್ಬನಿಗೆ ವಿಘ್ನವಾಗುತ್ತಿದ್ದ ಅದನ್ನೇ ಬೆರ್ನೀನಿಯು ಮೃತ್ಯುದ್ವಾರವನ್ನಾಗಿ ಮಾಡಿದನು. ಅದರ ಮೇಲೆ ಸಿಸಿಲಿಯ ಕೆಂಪು ಕಲ್ಲು ಬಟ್ಟೆಯಂತೆ ಮಡಿಮಡಿಯಾಗಿ ಇಳಿಬಿದ್ದಿದೆ; ಅಡಿಯಿಂದ ಹೊನ್ನಿನ ಲೇಪದ ಅಸ್ಥಿಪಂಜರವು ಮೇಲೆದ್ದು ಮರಳಿನ ಗಡಿಯಾರವನ್ನು ಎತ್ತಿ ಹಿಡಿದಿದೆ. ಅದರ ಮುಖವು ಆ ಮಡಿಕೆಗಳಲ್ಲಿ ಮರೆಯಾಗಿರುವುದು. ಮೃತ್ಯುವು ಪದವಿಯನ್ನು ನೋಡುವುದಿಲ್ಲವೆಂದು ಅರ್ಥಮಾಡಿದರೆ ತಪ್ಪಾಗದು. ಮೇಲೆ ಪೋಪನು ಬರಿದಲೆಯಿಂದ ಮೊಣಕಾಲೂರಿ ಕೈಮುಗಿದಿದ್ದಾನೆ. ಗಡಿಯಾರದ ಕಡೆಗೆ ತಿರುಗಿಯೂ ನೋಡನು. ಬರೆಯುವ ಮೃತ್ಯುವಿಗಿಂತ ಈ ಮುಖವಿಲ್ಲದ ಮೃತ್ಯುವೇ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಈ ವಿನಯವನ್ನು ಸಾರುವುದಕ್ಕೆ ಬೆಲೆಬಾಳುವ ಶಿಲೆಯೂ ನಾಲ್ಕು ಸದ್ಗುಣಗಳ ಸ್ತ್ರೀವಿಗ್ರಹಗಳೂ ಬೇಕಾದವು. ಅವುಗಳಲ್ಲಿ ಸತ್ಯವೆಂಬವಳು ನಗ್ನೆಯಾಗಿದ್ದಳು. ಹನ್ನೊಂದನೆಯ ಇನೊಸೆಂಟ್ ಪೋಪನ ಅಪ್ಪಣೆಯಂತೆ ಅವಳಿಗೆ ಲೋಹದ ಉಡುಗೆ ತೊಡಿಸಿ, ಅಮೃತಶಿಲೆಯಂತೆ ಕಾಣಲೆಂದು ಬಿಳಿಯ ಬಣ್ಣ ಬಳಿಯಲಾಯಿತು.

ಎರಡು ವರ್ಷಗಳ ಮೇಲೆ ಬೆರ್ನೀನಿಯು ತೀರಿಕೊಂಡನು. ಸಾಂತಾ ಮರಿಯಾ ಮಜ್ಜೊರೆ ದೇವಾಲಯದಲ್ಲಿ, ತನ್ನ ಕುಟುಂಬದ ಸಮಾಧಿಯಲ್ಲಿ, ಸಾಮಾನ್ಯವಾದೊಂದು ಹಾಸುಗಲ್ಲಿನ ಅಡಿಯಲ್ಲಿ ಅವನಿರುವನು. ಅಲ್ಲಿ ವಿಗ್ರಹವಿಲ್ಲ, ಅಸ್ಥಿಪಂಜರವೂ ಇಲ್ಲ.