ಹಳ್ಳಿಗರ ದೈವ, ಪುಸ್ತಕದ ದೈವ



ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಮಳೆಗಾಲದ ಒಂದು ರಾತ್ರಿ ಫೋನ್ ಮಾಡಿದವನು, ಕ್ಷೇಮ ಸಮಾಚಾರ ಮುಗಿದ ಮೇಲೆ ಒಂದು ಸಂಗತಿ ಹೇಳಿದ. ಅವನ ಆಫೀಸಿನಲ್ಲಿ ಒಬ್ಬ ಹೆಂಗಸು ಇದ್ದಾರಂತೆ. ಅವರು ಚರ್ಚಿಗೆ ಹೋಗುವವರಲ್ಲ. ತಾನು 'ಪೇಗನ್' ಎಂದು ಹೇಳಿಕೊಳ್ಳುತ್ತಾರೆ. ವರ್ಷದಲ್ಲಿ ಹಗಲು ಅತಿ ದೀರ್ಘವಾದ ದಿನ ಮತ್ತು ರಾತ್ರಿ ಅತಿ ದೀರ್ಘವಾದ ದಿನ ಗೆಳೆಯರ ಜತೆ ಗುಡ್ಡ ಹತ್ತಿ ಬೆಂಕಿ ಹಾಕುತ್ತಾರೆ. ಮರಕ್ಕೂ ಕಲ್ಲಿಗೂ ನಮಿಸುತ್ತಾರೆ. ಹಳೆಯ ದೇವತೆಗಳ ಮೇಲೆ ಬರೆದ ಕಾದಂಬರಿಗಳು ಅವರ ಕಪಾಟಿನ ತುಂಬ ಇವೆ. ಒಂದು ದಿನ ಅವರು, "ನಿಮ್ಮ ಮನೆಯಲ್ಲಿ ಯಾವ ದೇವರು?" ಎಂದು ಕೇಳಿದರಂತೆ. ಇವನು "ಪಂಜುರ್ಲಿ" ಎಂದ. "ಅದರ ಕತೆ ಹೇಳಿ" ಎಂದರು. ಇವನು ಸಿನಿಮಾದಲ್ಲಿ ನೋಡಿದ್ದಷ್ಟನ್ನು ಹೇಳಿದ. "ಅದಲ್ಲ, ನಿಮ್ಮ ಮನೆಗೆ ಅದು ಬಂದದ್ದು ಹೇಗೆ?" ಎಂದು ಅವರು ಮತ್ತೆ ಕೇಳಿದರು.

"ತಮ್ಮಲೆ, ನಮ್ಮ ಮನೆಗೆ ಪಂಜುರ್ಲಿ ಬಂದದ್ದು ಹೇಗೆ?" ಎಂದು ಅವನು ನನ್ನನ್ನು ಕೇಳಿದ. ಸೋದರಮಾವನಿಗೆ ನಮ್ಮ ತುಳುವಿನಲ್ಲಿ ತಮ್ಮಲೆ ಎನ್ನುತ್ತಾರೆ. ಅಳಿಯನಿಗೆ ಇಂಥದನ್ನು ಹೇಳಿಕೊಡಬೇಕಾದವನು ತಮ್ಮಲೆಯೇ. ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಫೋನ್ ಇಟ್ಟೆ. ಆ ನಾಳೆ ಬರಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ಓದಿದ್ದನ್ನೂ ಕೇಳಿದ್ದನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು 'ಪೇಗನ್' ಎಂಬ ಶಬ್ದ. ಇದು ಲ್ಯಾಟಿನ್ ಭಾಷೆಯ 'ಪಾಗಾನುಸ್' ಎಂಬುದರಿಂದ ಬಂದದ್ದು. ಅದರ ಮೂಲ ಅರ್ಥ ಹಳ್ಳಿಗ. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತ ಮತ ಬಲಗೊಂಡ ಮೇಲೆ ಹಳೆಯ ದೇವತೆಗಳನ್ನು ಬಿಡದವರಿಗೆ ಈ ಹೆಸರು ಅಂಟಿತು. ಇನ್ನೊಬ್ಬರು ಹಳಿಯಲು ಇಟ್ಟ ಹೆಸರನ್ನೇ ಈಗ ಕೆಲವರು ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ಐಸ್‌ಲ್ಯಾಂಡ್ ದೇಶ ಸುಮಾರು ಕ್ರಿ.ಶ. 1000ದಲ್ಲಿ ಸಭೆ ಸೇರಿ ಕ್ರೈಸ್ತ ಮತ ಸ್ವೀಕರಿಸಿತು. ಅಲ್ಲಿ 1972ರಲ್ಲಿ ಕೆಲವರು ಕೂಡಿ ಹಳೆಯ ದೇವತೆಗಳ ಆರಾಧನೆಗೆ ಒಂದು ಸಂಘ ಕಟ್ಟಿದರು. ಮರುವರ್ಷ ಸರಕಾರ ಅದಕ್ಕೆ ಮಾನ್ಯತೆ ಕೊಟ್ಟಿತು. ಅದರ ಮೊದಲ ಮುಖ್ಯಸ್ಥ ಒಬ್ಬ ರೈತ, ಕವಿಯೂ ಹೌದು. ಆದರೆ ನಡುವಿನ ಸುಮಾರು ಒಂಬೈನೂರ ಎಪ್ಪತ್ತು ವರ್ಷಗಳಲ್ಲಿ ಪೂಜೆಯ ಸಾಲು ಕಡಿದುಹೋಗಿತ್ತು. ಅವರಿಗೆ ಉಳಿದಿದ್ದದ್ದು ಪುಸ್ತಕ ಮಾತ್ರ. ಆ ದೇವತೆಗಳ ಕತೆಗಳನ್ನು 13ನೇ ಶತಮಾನದಲ್ಲಿ ಬರೆದಿಟ್ಟ ಸ್ನೋರಿ ಎಂಬ ಪಂಡಿತ ಸ್ವತಃ ಕ್ರೈಸ್ತ. ನಂಬದವನು ಬರೆದಿಟ್ಟದ್ದನ್ನು ಓದಿ ಈಗ ನಂಬುವವರು ನಂಬುತ್ತಿದ್ದಾರೆ.

ಇದನ್ನು ಓದಿದಾಗ ನನಗೆ ನಮ್ಮ ಮಂಗಳೂರಿನ ನೆನಪಾಯಿತು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ನೇಮ, ಕೋಲ, ತಂಬಿಲ ಎಲ್ಲವೂ ಅವರ ಕಣ್ಣಿಗೆ ಪಿಶಾಚಿಯ ಪೂಜೆ. ಮಿಶನಿಗೆ ಸೇರದ, ಮದ್ರಾಸ್ ಪ್ರಾಂತದಲ್ಲಿ ಸರಕಾರಿ ಅಧಿಕಾರಿಯಾಗಿದ್ದ ಬರ್ನೆಲ್ ಎಂಬ ವಿದ್ವಾಂಸರು ಸಂಗ್ರಹಿಸಿದ ಪಾಡ್ದನಗಳು ಕೂಡ ಅವರು ತೀರಿಹೋದ ಮೇಲೆ, 1894ರಿಂದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದಾಗ ಹೊತ್ತ ತಲೆಬರಹ 'ತುಳುವರ ಪಿಶಾಚ ಪೂಜೆ' ಎಂದೇ. ಭೂತ ಎಂಬ ನಮ್ಮ ಶಬ್ದವನ್ನು ಅವರು ದೆವ್ವ ಎಂದು ತಿಳಿದರು. ನಮ್ಮ ಶಾಲೆ ಕಲಿತವರೂ ಅದನ್ನೇ ಒಪ್ಪಿಕೊಂಡರು. ನಾನು ಹೈಸ್ಕೂಲಿನಲ್ಲಿದ್ದಾಗ ಮನೆಯಲ್ಲಿ ನೇಮ ಎಂದು ಹೇಳಿ ರಜೆ ಕೇಳಲು ನಾಚಿಕೆಯಾಗಿ ಜ್ವರ ಎಂದು ಬರೆದುಕೊಟ್ಟದ್ದುಂಟು.

ಆದರೆ ಅದೇ ಮಿಶನಿನ ಮ್ಯಾನರ್ ಎಂಬ ಪಾದ್ರಿಯವರು 1886ರಲ್ಲಿ ತುಳು ಪಾಡ್ದನಗಳನ್ನು ಕೂಡಿಸಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದರು. ಐಸ್‌ಲ್ಯಾಂಡಿನ ಸ್ನೋರಿಯ ಹಾಗೆ ಇಲ್ಲಿಯೂ ಬರೆದಿಟ್ಟವರು ನಂಬದವರೇ. ಅವರಿಗೆ ನಾವು ಋಣಿಗಳು. ಆದರೂ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಹಾಡುವವರು ಇನ್ನೂ ಇದ್ದರು. ಪುಸ್ತಕ ಬಂತೆಂದು ಹಾಡು ನಿಲ್ಲಲಿಲ್ಲ. 1990ರಲ್ಲಿ ಫಿನ್‌ಲ್ಯಾಂಡಿನ ವಿದ್ವಾಂಸರಾದ ಲೌರಿ ಹೊಂಕೊ, ನಮ್ಮವರಾದ ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಸೇರಿ, ಗೋಪಾಲ ನಾಯ್ಕರು ಹೇಳಿದ ಸಿರಿಯ ಪಾಡ್ದನವನ್ನು ಧ್ವನಿಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಅಕ್ಷರದ ಹಂಗಿಲ್ಲದೆ ಒಬ್ಬ ಕೃಷಿಕನ ನೆನಪಿನಲ್ಲಿದ್ದದ್ದು ಅಷ್ಟು. ಫಿನ್‌ಲ್ಯಾಂಡಿನವರ ಸ್ವಂತ ಮಹಾಕಾವ್ಯವನ್ನು ಲೊನ್‌ರೂಟ್ ಎಂಬವರು ಹಾಡುಗಾರರಿಂದ ಕೇಳಿ ಜೋಡಿಸಿ 1835ರಲ್ಲಿ ಪುಸ್ತಕ ಮಾಡಿದ್ದರು. ತಮ್ಮಲ್ಲಿ ಪುಸ್ತಕವಾಗಿಬಿಟ್ಟದ್ದು ಇಲ್ಲಿ ಬಾಯಿಯಲ್ಲಿ ಇದೆಯೆಂದು ಅವರು ಉಜಿರೆಯ ತನಕ ಬಂದರು.

ಹಾಗಾದರೆ ಈ ಪಾಡ್ದನಗಳಲ್ಲಿ ಏನಿದೆ? ಕಾರ್ಕಳದ ಗೊಮ್ಮಟನನ್ನು ನೀವೆಲ್ಲ ನೋಡಿದ್ದೀರಿ. 1432ರಲ್ಲಿ ನಿಲ್ಲಿಸಿದ್ದು, ಸುಮಾರು 42 ಅಡಿ ಎತ್ತರ. ನಿಲ್ಲಿಸಿದ ಅರಸು ವೀರಪಾಂಡ್ಯ ಎಂದು ಶಾಸನ ಹೇಳುತ್ತದೆ. ಕೆತ್ತಿದವನ ಸುದ್ದಿ ಸಿಗುವುದು ಪಾಡ್ದನದಲ್ಲಿ. ಅವನು ಕಲ್ಕುಡ. ಇಂಥ ಮೂರ್ತಿ ಇನ್ನೊಂದು ಕಡೆ ಆಗಬಾರದೆಂದು ಅರಸು ಅವನ ಎಡಗೈ ಬಲಗಾಲು ಕಡಿಸಿದ ಎಂದು ಪಾಡ್ದನ ಹೇಳುತ್ತದೆ. ಅವನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾದರು. ಕೈಕಾಲು ಕಡಿದದ್ದು ನಡೆದದ್ದೋ ಕಟ್ಟುಕತೆಯೋ ಎಂದು ಇತಿಹಾಸಕಾರರು ವಿಚಾರಿಸಲಿ. ಕೂಲಿಯವನ ಲೆಕ್ಕವನ್ನು ಶಾಸನ ಇಡಲಿಲ್ಲ, ಪಾಡ್ದನ ಇಟ್ಟಿತು ಎಂಬುದು ಮಾತ್ರ ಸ್ಪಷ್ಟ.

ನಮ್ಮ ಜಿಲ್ಲೆಯದೇ ಕತೆ ಬೇಕಾದರೆ ಚಂದ್ರಗಿರಿ ಹೊಳೆ ದಾಟಿ ನೀಲೇಶ್ವರಕ್ಕೆ ಹೋಗಬೇಕು. ಹೊಳೆಯ ಬಡಗು ದಡದಲ್ಲಿ ನಾವು ನೇಮ, ಕೋಲ ಎನ್ನುವುದನ್ನು ತೆಂಕು ದಡದವರು ತೆಯ್ಯಂ ಎನ್ನುತ್ತಾರೆ. ಅಲ್ಲಿ ಕುರುಪ್ ಎಂಬ ಧಣಿಯ ದನ ಕಾಯುವ ಹುಡುಗ ಪಾಲಂತಾಯಿ ಕಣ್ಣನ್. ಒಂದು ಮಾವಿನಹಣ್ಣಿನ ತಪ್ಪಿಗೆ ಧಣಿಯ ಸಿಟ್ಟಿಗೆ ಹೆದರಿ ಅವನು ಮಂಗಳೂರಿಗೆ ಓಡಿದ. ಜೆಪ್ಪುವಿನಲ್ಲಿ ಒಬ್ಬ ಮುದುಕಿ ಅವನನ್ನು ಸಾಕಿದಳು. ಅವಳ ಮನೆಯ ನರಸಿಂಹನಿಗೆ ಅವನು ಭಕ್ತನಾದ. ವರ್ಷಗಳ ಮೇಲೆ ಊರಿಗೆ ಮರಳಿ ಕೆರೆಯಲ್ಲಿ ಮೀಯುತ್ತಿದ್ದಾಗ ಕುರುಪ್ ಅವನನ್ನು ಕಡಿದ. ಅನಂತರ ಕುರುಪ್ ಮನೆಗೆ ಬಂದ ಕೇಡು ಅಷ್ಟಿಷ್ಟಲ್ಲ. ಕೊನೆಗೆ ಕೋಟಪ್ಪುರದಲ್ಲಿ ದೈವಕ್ಕೆ ಸ್ಥಾನ ಕಟ್ಟಿದರು. ಅದೇ ವಿಷ್ಣುಮೂರ್ತಿ. ನಮ್ಮ ಕಡೆ ಒತ್ತೆಕೋಲದಲ್ಲಿ ಕೆಂಡದ ರಾಶಿಗೆ ಬೀಳುವ ದೈವ. ಹೀಗೆ ಆ ಕತೆ ಮಲಯಾಳವನ್ನೂ ತುಳುನಾಡನ್ನೂ ಒಂದೇ ದಾರಿಯಲ್ಲಿ ಹೊಲಿಯಿತು. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸಲ್ಮಾನನೂ ದೈವ. ಮಂಜೇಶ್ವರದ ಉದ್ಯಾವರದಲ್ಲಿ ಉತ್ಸವಕ್ಕೆ ಮೊದಲು ದೈವದ ಕಡೆಯವರು ಮಸೀದಿಗೆ ಹೋಗಿ ಕರೆದು ಬರುವ ರೂಢಿ ಇದೆ.

ಬ್ಯಾಂಕಿನ ಲೆಡ್ಜರಿನಲ್ಲಿ ಹಿಂದಿನ ಬಾಕಿಯನ್ನು ಹೊಸ ಪುಟದ ಮೇಲೆ ಮೊದಲು ಬರೆಯಬೇಕು. ಆಮೇಲೆ ಈ ದಿನದ ವ್ಯವಹಾರ. ನೇಮವೂ ಹಾಗೆಯೇ ಎಂದು ನನಗೆ ಅನಿಸುವುದುಂಟು. ಸತ್ತವನ ಬಾಕಿಯನ್ನು ವರ್ಷ ವರ್ಷ ಅಂಗಳದಲ್ಲಿ ಓದುತ್ತಾರೆ; ಬಾಕಿ ಇಟ್ಟವರ ವಂಶದವರು ಕೈಮುಗಿದು ಕೇಳುತ್ತಾರೆ. ಇದನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ರಾತ್ರಿ ಅಣಿ ಕಟ್ಟಿ ಗಗ್ಗರ ತೊಟ್ಟವನ ಎದುರು ತಲೆಬಾಗಿದ ಧಣಿಯೇ ಬೆಳಿಗ್ಗೆ ಅವನನ್ನು ಅಂಗಳದಿಂದ ಮೇಲೆ ಹತ್ತಲು ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ ನಡೆದಿದೆ.

ಇನ್ನು ನಮ್ಮ ಓದಿನ ವಿಷಯ. ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕಾದಂಬರಿ. ಬೇಸಾಯ ಮಾಡಬೇಕೆಂಬ ಒಂದೇ ಆಸೆಯ ಹೊಲೆಯ ಚೋಮ, ಜಾತಿ ಬಿಟ್ಟರೆ ಗದ್ದೆ ಸಿಗಬಹುದೆಂದು ಪಾದ್ರಿಗಳ ಕಡೆಗೆ ಹೊರಟವನು, ಪಂಜುರ್ಲಿಯ ಭಯಭಕ್ತಿಯಿಂದ ಹಿಂದೆ ಬರುತ್ತಾನೆ. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಮೆಟ್ರಿಕ್ ಮುಗಿಸಿದ ವರ್ಷ ಅದನ್ನು ನೋಡಿ ನಾನು ಅತ್ತಿದ್ದೆ. 2022ರಲ್ಲಿ 'ಕಾಂತಾರ' ಬಂದಾಗ ಮೊಮ್ಮಕ್ಕಳ ಜತೆ ಹೋಗಿ ರೋಮಾಂಚನಗೊಂಡೆ. ಅದೇ ವರ್ಷ ಕರ್ನಾಟಕ ಸರಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ಹೀಗೆ ಕತೆಯ ಪಂಜುರ್ಲಿಯನ್ನು ಎರಡು ಸಲ ಮನಸಾರೆ ಸವಿದವನು ನಾನು. ಮನೆಯ ಪಂಜುರ್ಲಿಗೆ ಮಾಡಿದ್ದೇನು ಎಂಬುದನ್ನೂ ಹೇಳಬೇಕು.

ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆ ಜಾರಿಗೆ ಬಂತು. ಗೇಣಿಯವರಿಗೆ ಭೂಮಿ ಸಿಕ್ಕಿತು; ಅದು ನ್ಯಾಯವೇ. ಆದರೆ ನೇಮದ ಖರ್ಚು ಹೊರುತ್ತಿದ್ದ ಗೇಣಿಯ ಅಕ್ಕಿಯೂ ಅದರೊಂದಿಗೆ ನಿಂತಿತು. 1976ರ ಡಿಸೆಂಬರ್ 1ರಿಂದ ಕೂಡುಕುಟುಂಬದ ಪದ್ಧತಿಯನ್ನೇ ರದ್ದು ಮಾಡುವ ಕಾನೂನು ಬಂತು. ಅಳಿಯಸಂತಾನದ ತರವಾಡುಗಳು ಪಾಲಾದವು. ನಮ್ಮ ಪಾಲುಪತ್ರದಲ್ಲಿ ತೆಂಗಿನ ಮರಗಳನ್ನು ಎಣಿಸಿ ಬರೆದಿದ್ದಾರೆ. ದೈವದ ಕೋಣೆ 'ಎಲ್ಲರಿಗೂ ಸೇರಿದ್ದು' ಎಂದು ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ಎಲ್ಲರಿಗೂ ಸೇರಿದ್ದು ಯಾರ ಕೆಲಸವೂ ಆಗಲಿಲ್ಲ.

ನಾನು ಆಗ ಘಟ್ಟದ ಮೇಲೆ ಬ್ಯಾಂಕಿನ ಗುಮಾಸ್ತ. 1986ರಲ್ಲಿ ಅಮ್ಮ ನೇಮದ ಖರ್ಚಿಗೆ ಬರೆದಾಗ, "ಈ ವರ್ಷ ಬೇಡ, ತಂಬಿಲ ಸಾಕು, ಇದೆಲ್ಲ ಮೂಢನಂಬಿಕೆ" ಎಂದು ಇನ್‌ಲ್ಯಾಂಡ್ ಪತ್ರದಲ್ಲಿ ಉತ್ತರ ಬರೆದೆ. ಆ 'ಈ ವರ್ಷ' ಹದಿನಾಲ್ಕು ವರ್ಷವಾಯಿತು. ನಲಿಕೆಯ ಅಜ್ಜ ಪ್ರತಿ ವರ್ಷ ಸುಗ್ಗಿಯ ಮೇಲೆ ಅಂಗಳಕ್ಕೆ ಬಂದು, "ಈ ವರ್ಷ ಉಂಟಾ ಧಣಿಗಳೇ?" ಎಂದು ಕೇಳುತ್ತಿದ್ದರಂತೆ. ಅಮ್ಮ ವೀಳ್ಯವೂ ಹತ್ತು ರೂಪಾಯಿಯೂ ಕೊಟ್ಟು ಕಳಿಸುತ್ತಿದ್ದರು. ಅಜ್ಜ ತೀರಿಹೋದರು. ಬಣ್ಣ ಹಚ್ಚುವಾಗ ತೆಂಬರೆ ಬಾರಿಸಿ ಪಾಡ್ದನ ಹಾಡುತ್ತಿದ್ದ ಅವರ ಹೆಂಡತಿಯೂ ತೀರಿಹೋದರು. 2000ದ ಮೇಲೆ ನೇಮ ಪುನಃ ಸುರುವಾಯಿತು, ಮೈಕು, ಲೈಟು, ಊಟ ಎಲ್ಲ ಮೊದಲಿಗಿಂತ ಜೋರಾಗಿ.

ಅಳಿಯನ ಫೋನ್ ಬಂದ ಮೇಲೆ ನಾನು ಅಜ್ಜನ ಮಗನ ಹತ್ತಿರ ಹೋದೆ. ಹಗಲು ಆಟೋ ಓಡಿಸುತ್ತಾರೆ. ನಮ್ಮ ಮನೆಯ ದೈವ ಕಟ್ಟುವವರು ಅವರೇ. ಪಂಜುರ್ಲಿ ಈಶ್ವರನ ಉದ್ಯಾನದಿಂದ ಭೂಮಿಗೆ ಇಳಿದ ಭಾಗ ಅವರಿಗೆ ಪೂರ್ತಿ ಬರುತ್ತದೆ. ನಮ್ಮ ಮನೆಗೆ ಬಂದ ಭಾಗ ಬರುವುದಿಲ್ಲ. ಪ್ರತಿಯೊಂದು ಸ್ಥಾನಕ್ಕೂ ಪಾಡ್ದನಕ್ಕೆ ಒಂದು ಬಾಲ ಇರುತ್ತದೆ. ಅದನ್ನು ಆ ಅಂಗಳದಲ್ಲಿ ಮಾತ್ರ ಹಾಡುತ್ತಾರೆ. "ನೀವು ಕರೆಯಲಿಲ್ಲ, ಅಮ್ಮ ಹಾಡಲಿಲ್ಲ. ಹಾಡದಿದ್ದರೆ ಹೇಗೆ ಉಳಿಯುತ್ತದೆ ಅಣ್ಣೇರೆ?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ಉತ್ತರ ಇರಲಿಲ್ಲ.

ಕಡೆಗೆ ಅದು ಸಿಕ್ಕಿದ್ದು, ಹಿಂದೆ ನಮ್ಮ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ, ಎಂಬತ್ತು ದಾಟಿದ ಒಬ್ಬ ಅಜ್ಜಿಯಲ್ಲಿ. ಅವರಿಗೆ ಪೂರ್ತಿ ನೆನಪಿಲ್ಲ. ಪಂಜುರ್ಲಿ ನಮ್ಮ ಹಿರಿಯ ಯಜಮಾನನ ಹಿಂದೆ ಬಂದದ್ದು ಎಂದು ನಾವು ಹೇಳಿಕೊಂಡು ಬಂದಿದ್ದೆವು. ಅಜ್ಜಿ ಹೇಳಿದ್ದು ಬೇರೆ. ಅದು ಬಂದದ್ದು ಒಂದು ಜೋಡಿ ಕೋಣಗಳ ಹಿಂದೆ, ಅವನ್ನು ಹೊಡೆದುಕೊಂಡು ಬಂದ ಉಳುವ ಆಳಿನೊಂದಿಗೆ. ಅವನು ತನ್ನ ಗುಡಿಸಲಿನ ಬಳಿ ಕಲ್ಲು ಹಾಕಿ ನಂಬಿದ. ಅವನನ್ನು ಒಕ್ಕಲೆಬ್ಬಿಸಿದ ಮೇಲೆ ನಮ್ಮವರು ಕಲ್ಲನ್ನು ಮನೆಗೆ ತಂದರು. ಅಜ್ಜಿಗೆ ಅವನ ಹೆಸರೂ ನೆನಪಿತ್ತು. ನಮ್ಮ ಮನೆಯಲ್ಲಿ ಯಾರೂ ಈ ಕತೆ ಹೇಳಿಕೊಡದೆ ಇದ್ದದ್ದಕ್ಕೆ ಕಾರಣ ಮರೆವು ಒಂದೇ ಅಲ್ಲ ಎಂದು ಆಗ ತಿಳಿಯಿತು.

ಈ ವರ್ಷ ಪತ್ತನಾಜೆಗೆ ಮೊದಲು ನಡೆದ ನೇಮಕ್ಕೆ ಅಳಿಯ ರಜೆ ಹಾಕಿ ಬಂದ. ಅಜ್ಜಿಯನ್ನು ಆಟೋದಲ್ಲಿ ಕರೆತಂದು ಚಾವಡಿಯ ಮೇಲೆ ಕೂರಿಸಿದೆವು. ಅಜ್ಜನ ಮಗ, ಸಿಕ್ಕಿದಷ್ಟು ಭಾಗವನ್ನು ಹಾಡಿ, ಆ ಆಳಿನ ಹೆಸರನ್ನು ಮೂರು ಸಲ ಅಂಗಳದಲ್ಲಿ ಕೂಗಿ ಹೇಳಿದರು. ಆ ಹೆಸರನ್ನು ನಾನು ರೇಡಿಯೋದಲ್ಲಿ ಹೇಳುವುದಿಲ್ಲ. ಅದನ್ನು ಹೇಳುವ ಜಾಗ ಆ ಅಂಗಳ. ಒಂದಿಬ್ಬರು ನಂಟರಿಗೆ ಅಸಮಾಧಾನವಾಯಿತು, ಊಟ ಮಾಡದೆ ಹೋದರು. ಕರಿಗಂಧ ಹಚ್ಚಿಕೊಂಡು ನಿಂತಿದ್ದ ಅಳಿಯ, "ತಮ್ಮಲೆ, ಅವರಿಗೆ ಇನ್ನು ಏನೆಂದು ಹೇಳಲಿ?" ಎಂದು ಕೇಳಿದ.

ನಾನು ಹೀಗೆ ಹೇಳಿದೆ. ಹೆಸರು ಬೇಕಾದರೆ ಒಂದೇ, ಅವರೂ ಹಳ್ಳಿಗರು, ನಾವೂ ಹಳ್ಳಿಗರು. ಅವರು ಕಳೆದುಕೊಂಡದ್ದನ್ನು ಪುಸ್ತಕದಿಂದ, ಕಾದಂಬರಿಯಿಂದ ಕಷ್ಟಪಟ್ಟು ಹುಡುಕುತ್ತಿದ್ದಾರೆ, ನಗಬೇಡ. ನಾವು ಕೈಯಲ್ಲಿದ್ದದ್ದನ್ನು ಬಿಟ್ಟು ಟಿಕೆಟು ಕೊಟ್ಟು ನೋಡಲು ಹೋದವರು. ಕತೆ ಓದಿ ಅಳುವುದು ಸುಲಭ, ಅದರಲ್ಲಿ ನಮ್ಮ ಪಾಲಿನ ತಪ್ಪು ಇರುವುದಿಲ್ಲ. ಮನೆಯ ಪಾಡ್ದನದಲ್ಲಿ ಇರುತ್ತದೆ.

ಕೇಳುಗ ಬಂಧುಗಳೇ, ನಿಮ್ಮ ಮನೆಯ ಬಳಿಯೂ ನೇಜಿ ನೆಟ್ಟ ಅಜ್ಜಿಯಂದಿರು ಇರಬಹುದು. ಈ ಸಲದ ಮಳೆಗಾಲದಲ್ಲಿ ಅವರ ಹತ್ತಿರ ಒಂದು ಗಳಿಗೆ ಕುಳಿತು ಕೇಳಿ. ಕೇಳಿದ್ದು ನಿಮಗೆ ಹಿತವಾಗದಿದ್ದರೂ ಬರೆದಿಡಿ.