ಹರಿಹರ: ಗಡಿಯೂರಿನ ನೀರಿನ ಲೆಕ್ಕ

ಹರಿಹರದ ಕುರಿತ ಬರಹಗಳಲ್ಲಿ ಹೆಚ್ಚಿನವು ಹರಿಹರೇಶ್ವರ ಗುಡಿಯ ಒಳಗೇ ಮುಗಿದುಹೋಗುತ್ತವೆ. ಗುಹಾಸುರನ ಸ್ಥಳಪುರಾಣ, ಬಲಕ್ಕೆ ಶಿವ ಎಡಕ್ಕೆ ವಿಷ್ಣು ಆಗಿ ನಿಂತ ಮೂರ್ತಿ, ಹೊಯ್ಸಳ ಶಿಲ್ಪ, ಇಷ್ಟಾದರೆ ಊರಿನ ಚರಿತ್ರೆ ಆಯಿತು ಎಂಬ ಭಾವನೆ. ಈ ಊರಿನ ಶಾಸನಗಳನ್ನೂ ನೆಲದ ಏರಿಳಿತವನ್ನೂ ಜೊತೆಗಿಟ್ಟು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಅದರಲ್ಲಿ ಗುಡಿ ಒಂದು ಪಾತ್ರ ಮಾತ್ರ. ಕಥೆಯನ್ನು ನಡೆಸುವುದು ನೀರು ಮತ್ತು ಗಡಿ.

ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಉತ್ತರಕ್ಕೆ ಹರಿಯುವ ತುಂಗಭದ್ರೆ ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತದೆ. ಊರು ನದಿಯ ಬಲದಂಡೆಯಲ್ಲಿದೆ. ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳ ನದಿಯನ್ನು ಸೇರುವುದೂ ಇಲ್ಲಿಯೇ; ಊರಿಗೆ ಕೂಡಲೂರು ಎಂಬ ಹಳೆಯ ಹೆಸರಿದ್ದುದು ಸಹಜ. ಸುತ್ತಲಿನದು ಬಯಲುಸೀಮೆ, ನದಿಯ ನೀರು ಮಾತ್ರ ಮಲೆನಾಡಿನದು. ಊರಲ್ಲಿ ಹನಿ ಬೀಳದ ದಿನವೂ ಘಟ್ಟದ ಮಳೆಗೆ ಹೊಳೆ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಬಹುದು. ದೊಡ್ಡ ನದಿ ಮಗ್ಗುಲಲ್ಲೇ ಇದ್ದರೂ ಅದು ತಗ್ಗಿನಲ್ಲಿ ಹರಿಯುವುದರಿಂದ ಹಿಂದಿನವರಿಗೆ ಅದರ ನೀರನ್ನು ಹೊಲಕ್ಕೆ ಏರಿಸುವುದು ಸುಲಭವಿರಲಿಲ್ಲ. ಕೈಗೆ ಎಟುಕುತ್ತಿದ್ದುದು ಚಿಕ್ಕ ಹರಿದ್ರೆ.

ಈ ಮಾತಿಗೆ ಆಧಾರ 1410ರ ಶಾಸನ. ವಿಜಯನಗರದ ಒಂದನೆಯ ದೇವರಾಯನ ಕಾಲದಲ್ಲಿ ಹರಿದ್ರೆಗೆ ಕಟ್ಟೆ ಹಾಕಿ, ಹರಿಹರ ದೇವರ ಭೂಮಿಯ ಮೇಲೆ ಕಾಲುವೆ ತೆಗೆಯುವ ಕೆಲಸ ನಡೆಯಿತು. ಕಾಲುವೆಯ ಖರ್ಚು ಊರಿನ ಬ್ರಾಹ್ಮಣರದು, ನೆಲ ದೇವರದು. ಹಾಗಾಗಿ ಒಪ್ಪಂದ ಬೇಕಾಯಿತು: ಕಾಲುವೆಯ ಕೆಳಗೆ ನೀರಾವರಿಗೆ ಬರುವ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಹಣ ಹಾಕಿದವರಿಗೆ. ಶಾಸನಗಳಲ್ಲಿ ದಾನವನ್ನೇ ಹುಡುಕುವ ಕಣ್ಣಿಗೆ ಇದು ಸಪ್ಪೆ ಎನಿಸೀತು. ಆದರೆ ಇಲ್ಲಿರುವುದು ಬಂಡವಾಳ ಹೂಡಿದವನಿಗೂ ಭೂಮಿಯ ಒಡೆಯನಿಗೂ ನಡುವಿನ ಕರಾರು, ಅದೂ ಕಲ್ಲಿನ ಮೇಲೆ. ದೇವರೂ ಅದರಲ್ಲಿ ಒಬ್ಬ ಪಾಲುದಾರ.

ಕಟ್ಟೆ ಹೆಚ್ಚು ಕಾಲ ಬಾಳಲಿಲ್ಲ. 1424ರ ಇನ್ನೊಂದು ಶಾಸನ, ಬುಲ್ಲಪ್ಪ ಮಂತ್ರಿ ಕಟ್ಟಿಸಿದ್ದ ಆ ಕಟ್ಟೆ ಒಡೆದುಹೋದುದನ್ನೂ, ಇಮ್ಮಡಿ ದೇವರಾಯನ ಸೇನಾಪತಿ ಚಾಮನೃಪಾಲನು ಬುಲ್ಲಪ್ಪನ ಕೋರಿಕೆಯಂತೆ ಅದನ್ನು ಮತ್ತೆ ಕಟ್ಟಿಸಿದುದನ್ನೂ ಹೇಳುತ್ತದೆ. ಹೊಸದಾಗಿ ಕಟ್ಟಿಸಿದವರನ್ನು ಹೊಗಳುವ ಶಾಸನಗಳು ಬೇಕಾದಷ್ಟಿವೆ. ಒಡೆದದ್ದನ್ನು ಒಪ್ಪಿ, ದುರಸ್ತಿ ಮಾಡಿಸಿದವನನ್ನು ನೆನೆಯುವ ಶಾಸನಕ್ಕೆ ಬೆಲೆ ಹೆಚ್ಚು. ಹದಿನಾಲ್ಕು ವರ್ಷಗಳ ಅಂತರದ ಈ ಎರಡೂ ಶಾಸನಗಳನ್ನು ಒಟ್ಟಿಗೆ ಓದಿದಾಗಲೇ ವಿಜಯನಗರ ಕಾಲದ ನೀರಾವರಿ ಹೇಗೆ ನಡೆಯುತ್ತಿತ್ತು ಎಂಬುದು ಬಿಡಿಸಿಕೊಳ್ಳುತ್ತದೆ. ಸ್ಥಳೀಯರ ಹಣ, ದೇವಸ್ಥಾನದ ನೆಲ, ಕೈಮೀರಿದಾಗ ರಾಜ್ಯದ ನೆರವು, ಈ ಮೂರೂ ಸೇರಿದಲ್ಲಿ ಕಾಲುವೆ ಹರಿಯುತ್ತಿತ್ತು.

ಇನ್ನು ಗುಡಿ. ಅದನ್ನು 1224ರಲ್ಲಿ ಕಟ್ಟಿಸಿದವನು ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವ. ಆಗ ತುಂಗಭದ್ರೆಯ ಆಸುಪಾಸು ಹೊಯ್ಸಳರೂ ದೇವಗಿರಿಯ ಸೇವುಣರೂ ಕಾದಾಡುತ್ತಿದ್ದ ನೆಲ. ಅಂಥ ಅಂಚಿನಲ್ಲಿ ದಂಡನಾಯಕನೊಬ್ಬ ಇಷ್ಟು ದೊಡ್ಡ ಗುಡಿ ಎತ್ತಿಸಿದ್ದನ್ನು ಭಕ್ತಿಯೊಂದರಿಂದಲೇ ವಿವರಿಸಲಾಗದು. ಇದು ಹೊಯ್ಸಳರ ನೆಲ ಎಂದು ಸಾರುವ ಉದ್ದೇಶವೂ ಅದರಲ್ಲಿತ್ತು ಎಂದು ಊಹಿಸುವುದು ತಪ್ಪಾಗದು. 1268ರಲ್ಲಿ ಗೋಪುರ ಸೇರಿಸಿದ ಸೋಮನೂ ದಂಡನಾಯಕನೇ, ಸೋಮನಾಥಪುರ ಕಟ್ಟಿಸಿದಾತ. ವಿಜಯನಗರ ಬಿದ್ದ ಮೇಲೆ ತರೀಕೆರೆ ಪಾಳೆಯಗಾರರು, ಸವಣೂರು ನವಾಬರು, ಬಿದನೂರಿನವರು, ಮರಾಠರು, ಹೈದರಾಲಿ ಹೀಗೆ ಊರು ಕೈಯಿಂದ ಕೈಗೆ ಹೋಯಿತು. ಹೊಳೆ ದಾಟುವ ಜಾಗ ಯಾರ ವಶದಲ್ಲಿರಬೇಕು ಎಂಬುದೇ ಈ ಕಿತ್ತಾಟದ ತಿರುಳು.

ಬ್ರಿಟಿಷರ ಕಾಲದಲ್ಲಿ ಆ ಜಾಗಕ್ಕೆ ಕಾಯಂ ರೂಪ ಬಂತು. 1865ರವರೆಗೂ ಊರ ಹತ್ತಿರ ದಂಡಿನ ಠಾಣ್ಯವಿತ್ತು. 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಮುಗಿದು ಬೆಂಗಳೂರು–ಧಾರವಾಡ ಹೆದ್ದಾರಿ ಹೊಳೆ ದಾಟಿತು. 1889ರ ಹೊತ್ತಿಗೆ ರೈಲೂ ಬಂತು. ಆದರೂ ಊರು ಬೆಳೆದದ್ದು ನಿಧಾನ. 1901ರ ಜನಗಣತಿಯಲ್ಲಿ ಇಲ್ಲಿದ್ದವರು ಐದು ಸಾವಿರದ ಆಸುಪಾಸು. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತದ ರಾಣೆಬೆನ್ನೂರು ಸೀಮೆ. ಎರಡೂ ದಡದಲ್ಲಿ ಆಡುತ್ತಿದ್ದುದು ಕನ್ನಡವೇ, ಸರ್ಕಾರ ಮಾತ್ರ ಬೇರೆ. 1956ರ ನವೆಂಬರ್ 1ರಂದು ಈ ಗಡಿ ಅಳಿಯಿತು.

ಬೆಳವಣಿಗೆ ಬಂದದ್ದು ಕಾರ್ಖಾನೆಗಳಿಂದ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ತಿರುಗಣೆಯಲ್ಲಿ ಕಡೆದ ಕಂಬಗಳು ಏಳು ಶತಮಾನದಿಂದ ನಿಂತಿದ್ದ ಊರಿಗೆ ಲೇತ್ ಕಾರ್ಖಾನೆ ಬಂದದ್ದು ಕಾಕತಾಳೀಯ, ಆದರೂ ಹೇಳದೆ ಬಿಡಲು ಮನಸ್ಸಾಗದು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಮುಚ್ಚಿತು. ಹೊಳೆಯಾಚೆ ಕುಮಾರಪಟ್ಟಣದಲ್ಲಿ 1972ರಲ್ಲಿ ಉತ್ಪಾದನೆಗಿಳಿದ ಹರಿಹರ ಪಾಲಿಫೈಬರ್ಸ್ ನದಿಯ ಚರಿತ್ರೆಗೆ ಇನ್ನೊಂದು ಅಧ್ಯಾಯ ಸೇರಿಸಿತು. 1980ರ ದಶಕದಲ್ಲಿ ತ್ಯಾಜ್ಯನೀರಿನ ವಿರುದ್ಧ ಸಮಾಜ ಪರಿವರ್ತನಾ ಸಮುದಾಯ ಹೋರಾಟ ಕಟ್ಟಿತು. ಕಾರ್ಖಾನೆಗೆ ಬೇಕಾದ ನೀಲಗಿರಿಗಾಗಿ ಗೋಮಾಳಗಳನ್ನು ಜಂಟಿ ಕಂಪನಿಯೊಂದಕ್ಕೆ ಒಪ್ಪಿಸಿದ ಯೋಜನೆಯನ್ನು ವಿರೋಧಿಸಿ 1987ರ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವಿದು. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು.

ಇಂದು ಹರಿಹರ ತಾಲೂಕಿನ ಗದ್ದೆಗಳಿಗೆ ನೀರುಣಿಸುವುದು ಭದ್ರಾ ನಾಲೆ. ಅಚ್ಚುಕಟ್ಟಿನ ಕೊನೆ ಭಾಗದ ರೈತರು ತಮ್ಮ ಪಾಲಿನ ನೀರು ಮುಟ್ಟಲಿಲ್ಲವೆಂದು ಬೇಸಿಗೆಯಲ್ಲಿ ರಸ್ತೆಗಿಳಿಯುತ್ತಾರೆ. ಪಾಲಿನ ಪ್ರಶ್ನೆ 1410ರದೇ. ಗುಡಿಯ ಶಿಲ್ಪದ ಮೇಲೆ ನಡೆದಷ್ಟು ಕೆಲಸ ಈ ನೀರಿನ ಚರಿತ್ರೆಯ ಮೇಲೂ ನಡೆಯಬೇಕು. ಸೂಳೆಕೆರೆಯಿಂದ ಸಂಗಮದವರೆಗೆ ಹರಿದ್ರೆಯ ಪಾತ್ರದಲ್ಲಿ ನಡೆದು, ಬುಲ್ಲಪ್ಪನ ಕಟ್ಟೆ ಮತ್ತು ಕಾಲುವೆಯ ಗುರುತುಗಳನ್ನು ಹುಡುಕಿ ನಕಾಶೆಗೆ ಇಳಿಸುವ ಕ್ಷೇತ್ರಕಾರ್ಯವನ್ನು ದಾವಣಗೆರೆ ಸೀಮೆಯ ಯುವ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಒತ್ತುವರಿಯಲ್ಲಿ ಹಳ್ಳವೇ ಕರಗುವ ಮೊದಲು.