ಬಾಲಚುಕ್ಕಿ ಸುಡುತ್ತದೆಯೋ, ಕೊರೆಯುತ್ತದೆಯೋ?



ಕ್ರಿಸ್ಮಸ್ ಹತ್ತಿರ ಬಂತೆಂದರೆ ಹೊಸೂರಿನ ಅಂಗಡಿಗಳಲ್ಲಿ ನಕ್ಷತ್ರಗಳು ತೂಗುತ್ತವೆ. ಕೆಲವಕ್ಕೆ ಬಾಲವೂ ಇರುತ್ತದೆ. ಗೋದಲಿ ಕಟ್ಟುವಾಗ ನಮ್ಮ ಹುಡುಗರು ಆ ಬಾಲಕ್ಕೆ ಕೆಂಪು, ಹಳದಿ ಕಾಗದವನ್ನೇ ಅಂಟಿಸುತ್ತಾರೆ, ಬೆಂಕಿ ಉರಿಯುವ ಹಾಗೆ. ಮತ್ತಾಯನ ಶುಭಸಂದೇಶದಲ್ಲಿ ನಕ್ಷತ್ರಕ್ಕೆ ಬಾಲವಿತ್ತೆಂದು ಎಲ್ಲೂ ಬರೆದಿಲ್ಲ. ಆ ಚಿತ್ರ ನಮ್ಮ ತಲೆಯಲ್ಲಿ ಕೂತಿರುವುದಕ್ಕೆ ಇಟಲಿಯ ಜಿಯೊತ್ತೊ ಎಂಬ ಚಿತ್ರಕಾರನ ಪಾಲು ದೊಡ್ಡದು. 1301ರಲ್ಲಿ ಹ್ಯಾಲಿ ಧೂಮಕೇತು ಕಾಣಿಸಿತ್ತು. ಕೆಲವೇ ವರ್ಷಗಳಲ್ಲಿ, ಸಂತ ಅಂತೋಣಿಯವರ ಪಾದುವಾ ಪಟ್ಟಣದ ಒಂದು ಪ್ರಾರ್ಥನಾಲಯದ ಗೋಡೆಯ ಮೇಲೆ ಅವನು ಮೂರು ರಾಯರ ಭೇಟಿಯನ್ನು ಬರೆದಾಗ, ಮೇಲೆ ಕೆಂಡದ ಬಣ್ಣದ ಧೂಮಕೇತುವನ್ನೇ ಇಟ್ಟ.

ಹಾಗಾದರೆ ಅದು ನಿಜಕ್ಕೂ ಬೆಂಕಿಯೇ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

1680ರ ಡಿಸೆಂಬರಿನಲ್ಲಿ ಒಂದು ದೊಡ್ಡ ಧೂಮಕೇತು ಸೂರ್ಯನನ್ನು ಸವರಿಕೊಂಡೇ ಹೋಯಿತು. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಆರು ಪಾಲಿನಷ್ಟು ಮಾತ್ರ ದೂರ. ಐಸಾಕ್ ನ್ಯೂಟನ್ 1687ರ ತನ್ನ ‘ಪ್ರಿನ್ಸಿಪಿಯಾ’ದಲ್ಲಿ ಇದರ ಲೆಕ್ಕ ಹಾಕಿದ. ಅಲ್ಲಿ ಬಿಸಿಲು ನಮ್ಮ ಬೇಸಿಗೆಯ ಬಿಸಿಲಿಗಿಂತ 28,000 ಪಟ್ಟು ಜೋರು. ಆದ್ದರಿಂದ ಆ ಧೂಮಕೇತು ಕೆಂಪಗೆ ಕಾದ ಕಬ್ಬಿಣಕ್ಕಿಂತ ಸುಮಾರು 2,000 ಪಟ್ಟು ಬಿಸಿಯಾಗಿರಬೇಕು ಎಂದ. ಭೂಮಿಯಷ್ಟು ದೊಡ್ಡ ಕಾದ ಕಬ್ಬಿಣದ ಗುಂಡು ಆರಲು 50,000 ವರ್ಷ ಬೇಕಾದೀತು ಎಂದೂ ಸೇರಿಸಿದ.

ಆ ಸಂಖ್ಯೆ ಪುಸ್ತಕದಲ್ಲಿ ಸುಮ್ಮನೆ ಕೂರಲಿಲ್ಲ. ಕೇಂಬ್ರಿಡ್ಜಿನಲ್ಲಿ ನ್ಯೂಟನ್ ಬಿಟ್ಟ ಪೀಠಕ್ಕೆ ಬಂದ ವಿಲಿಯಂ ವಿಸ್ಟನ್, ಒಮ್ಮೆ ಸೂರ್ಯನ ಉರಿಗೆ, ಒಮ್ಮೆ ಕತ್ತಲ ಚಳಿಗೆ ಹೋಗಿ ಬರುವ ಧೂಮಕೇತುಗಳೇ ಪಾಪಿಗಳ ನರಕವಾಗಿರಬಹುದೆಂದು 1717ರಲ್ಲಿ ಬರೆದ. ನೋಹನ ಕಾಲದ ಪ್ರಳಯಕ್ಕೂ ಧೂಮಕೇತುವೇ ಕಾರಣ ಎಂದು ಅದಕ್ಕೂ ಮೊದಲೇ, 1696ರಲ್ಲಿ, ಹೇಳಿಬಿಟ್ಟಿದ್ದ. ಅಳೆಯದೆ ಇರುವ ಒಂದು ಬಿಸಿಯ ಮೇಲೆ ಇಷ್ಟು ದೊಡ್ಡ ಭಯ ಕಟ್ಟಿದ್ದು ಧರ್ಮಕ್ಕೂ ಒಳ್ಳೆಯದಾಗಲಿಲ್ಲ, ವಿಜ್ಞಾನಕ್ಕೂ ಆಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅದೇ ಕಾಲದಲ್ಲಿ ನಮ್ಮ ದಕ್ಷಿಣದಲ್ಲಿ ಯೇಸುಸಭೆಯ ಗುರು ಜಾನ್ ರಿಶೋ ಇದ್ದರು. 1689ರ ಡಿಸೆಂಬರಿನಲ್ಲಿ ಪುದುಚೇರಿಯಿಂದ ಒಂದು ಧೂಮಕೇತುವನ್ನು ದೂರದರ್ಶಕದಲ್ಲಿ ಹಿಂಬಾಲಿಸುತ್ತಿದ್ದಾಗ, ಪಕ್ಕದ ಆಲ್ಫಾ ಸೆಂಟಾರಿ ಒಂದಲ್ಲ, ಎರಡು ನಕ್ಷತ್ರ ಎಂದು ಅವರಿಗೆ ಕಂಡಿತು. ಕಂಡಷ್ಟನ್ನು ಬರೆದಿಟ್ಟರು. ಮೊದಲ ಕ್ಷುದ್ರಗ್ರಹವಾದ ಸೀರಿಸ್ ಅನ್ನು 1801ರ ಜನವರಿ 1ರಂದು ಕಂಡುಹಿಡಿದ ಪಿಯಾಟ್ಸಿಯೂ ಒಬ್ಬ ಗುರುವೇ.

ಈಗ ನ್ಯೂಟನ್ ಲೆಕ್ಕ ಎಲ್ಲಿ ಜಾರಿತು ನೋಡೋಣ. ಬಿಸಿಲು ಎಷ್ಟು ಪಟ್ಟು ಹೆಚ್ಚಾಯಿತೋ ಬಿಸಿಯೂ ಅಷ್ಟೇ ಪಟ್ಟು ಹೆಚ್ಚುತ್ತದೆ ಎಂದು ಅವನು ಎಣಿಸಿದ. ಆದರೆ ಕಾದ ವಸ್ತು ಸುಮ್ಮನಿರುವುದಿಲ್ಲ, ತಾನೂ ಶಾಖವನ್ನು ಹೊರಗೆ ಚೆಲ್ಲುತ್ತದೆ. 1879ರಲ್ಲಿ ಜೋಸೆಫ್ ಸ್ಟೀಫನ್ ಅದರ ನಿಯಮ ಕಂಡುಕೊಂಡ: ಕೆಲ್ವಿನ್ ಮಾಪನದಲ್ಲಿ ತಾಪ ಎರಡು ಪಟ್ಟಾದರೆ ಚೆಲ್ಲುವ ಶಾಖ ಹದಿನಾರು ಪಟ್ಟು. ಹಾಗಾಗಿ 28,000 ಪಟ್ಟು ಬಿಸಿಲಿಗೆ ತಾಪ ಏರುವುದು ಸುಮಾರು 13 ಪಟ್ಟು ಮಾತ್ರ. ಭೂಮಿಯಷ್ಟು ದೂರದಲ್ಲಿ ತಿರುಗುವ ಒಂದು ಕಪ್ಪು ಕಲ್ಲಿನ ಸರಾಸರಿ ತಾಪ 278 ಕೆಲ್ವಿನ್, ಅಂದರೆ 5 ಡಿಗ್ರಿ ಸೆಲ್ಸಿಯಸ್. ಅದನ್ನು 13ರಿಂದ ಗುಣಿಸಿದರೆ 1680ರ ಧೂಮಕೇತುವಿಗೆ ಸುಮಾರು 3,300 ಡಿಗ್ರಿ ಬರುತ್ತದೆ. ಕಬ್ಬಿಣ ಕರಗಿ ಆವಿಯಾಗಲು ಅಷ್ಟು ಸಾಕು. ನ್ಯೂಟನ್ ಹೇಳಿದ ಹತ್ತಿರಕ್ಕೂ ಅದು ಹೋಗುವುದಿಲ್ಲ.

ದೂರಕ್ಕೂ ಇದೇ ಲೆಕ್ಕ ನಡೆಯುತ್ತದೆ. ದೂರ ನಾಲ್ಕು ಪಟ್ಟಾದರೆ ತಾಪ ಅರ್ಧ. ಹ್ಯಾಲಿ ಧೂಮಕೇತು 2023ರ ಡಿಸೆಂಬರಿನಲ್ಲಿ ಸೂರ್ಯನಿಂದ ಅತಿ ದೂರದ ತುದಿ ಮುಟ್ಟಿತು, ಭೂಮಿಯ ದೂರದ 35 ಪಟ್ಟು. ಅಲ್ಲಿ ಲೆಕ್ಕದ ಪ್ರಕಾರ ಮೈನಸ್ 226 ಡಿಗ್ರಿ. ತಳಿಯ ಚಳಿಗೇ ಕಂಬಳಿ ಹೊದ್ದು ಕೂರುವ ನಾವು ಅದನ್ನು ಊಹಿಸುವುದೂ ಕಷ್ಟ.

ಲೆಕ್ಕ ಬೇರೆ, ಅಳತೆ ಬೇರೆ. ಅಳತೆಯ ಕಥೆ 1986ರಲ್ಲಿ ಶುರುವಾಯಿತು. ಆ ವರ್ಷ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿನಲ್ಲಿ 2.34 ಮೀಟರಿನ ದೂರದರ್ಶಕವನ್ನು ಉದ್ಘಾಟಿಸಿದರು. ಕಾವಲೂರು ಎಲ್ಲೋ ದೂರ ಅಂದುಕೊಳ್ಳಬೇಡಿ. ನಮ್ಮ ಜವಳಗಿರಿಯಿಂದ ಹೆಚ್ಚುಕಡಿಮೆ ನೇರ ಮೂಡಣಕ್ಕೆ, ಕೃಷ್ಣಗಿರಿ ದಾಟಿ, ಜವಾದಿ ಬೆಟ್ಟದಲ್ಲಿದೆ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರು ಅದನ್ನು ನಡೆಸುತ್ತಾರೆ. ಅದನ್ನು ಕಟ್ಟಿದ ವೇಣು ಬಾಪ್ಪು ಅವರ ಹೆಸರಿನಲ್ಲೇ ಒಂದು ಧೂಮಕೇತು ಇದೆ, 1949ರಲ್ಲಿ ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಕಂಡದ್ದು. ಇದೇ ಕಾವಲೂರಿನಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಅದಕ್ಕೆ ರಾಮಾನುಜನ್ ಎಂದು ಹೆಸರಿಟ್ಟರು.

1986ರ ಮಾರ್ಚಿನಲ್ಲಿ ಹ್ಯಾಲಿಯ ಹತ್ತಿರಕ್ಕೇ ನೌಕೆಗಳು ಹೋದವು. ಯುರೋಪಿನ ನೌಕೆಯ ಹೆಸರು ಜಿಯೊತ್ತೊ, ಅದೇ ಚಿತ್ರಕಾರನ ನೆನಪಿಗೆ. ಹಿಮದ ಬಿಳಿ ಗುಡ್ಡ ಕಾಣುತ್ತದೆಂದು ಕಾದವರಿಗೆ ಕಂಡದ್ದು ಇದ್ದಿಲಿನಷ್ಟು ಕಪ್ಪು ಗುಡ್ಡ. ಸೋವಿಯತ್ ನೌಕೆ ವೇಗಾ ಅದರ ಮೇಲ್ಮೈ ತಾಪ ಅಳೆದಾಗ 300ರಿಂದ 400 ಕೆಲ್ವಿನ್ ಬಂತು, ಅಂದರೆ 27ರಿಂದ 127 ಡಿಗ್ರಿ ಸೆಲ್ಸಿಯಸ್! ಧೂಮಕೇತು ಕೊಳಕು ಹಿಮದ ಗಡ್ಡೆ ಎಂದು ಫ್ರೆಡ್ ವಿಪಲ್ 1950ರಲ್ಲೇ ಹೇಳಿದ್ದ. ಹಿಮ ಅಷ್ಟು ಬಿಸಿಯಲ್ಲಿ ಉಳಿಯುವುದು ಹೇಗೆ? ರಾಗಿಮುದ್ದೆ ನೆನಪಿಸಿಕೊಳ್ಳಿ. ಮೇಲೆ ಆರಿದ ಹಾಗೆ ಕಾಣುತ್ತದೆ, ಒಳಗೆ ಬೆರಳಿಟ್ಟರೆ ಸುಡುತ್ತದೆ. ಧೂಮಕೇತು ಇದರ ತಿರುಗುಮುರುಗು. ಮೇಲಿನ ಕಪ್ಪು ದೂಳಿನ ಪದರ ಬಿಸಿಲಿಗೆ ಕಾಯುತ್ತದೆ, ಆ ಶಾಖ ಕೆಳಗಿಳಿಯುವುದೇ ಇಲ್ಲ, ಒಳಗಿನ ಹಿಮ ಹಾಗೇ ಇರುತ್ತದೆ. 2014ರ ನವೆಂಬರ್ 12ರಂದು ಫಿಲೆ ಎಂಬ ಪುಟ್ಟ ಯಂತ್ರ ಇನ್ನೊಂದು ಧೂಮಕೇತುವಿನ ಮೇಲೆ ಇಳಿದು, ಪುಟಿದು, ಒಂದು ನೆರಳಿನ ಮೂಲೆಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಮೈನಸ್ 153 ಡಿಗ್ರಿ. ತಾಪ ಅಳೆಯುವ ಮೊಳೆಯನ್ನು ಹೊಡೆದು ಇಳಿಸಲು ನೋಡಿದರೆ ನೆಲ ಕಲ್ಲಿನ ಹಾಗೆ ಗಟ್ಟಿ, ಮೊಳೆ ಇಳಿಯಲೇ ಇಲ್ಲ.

ಶಾಖ ಯಾಕೆ ಒಳಗಿಳಿಯುವುದಿಲ್ಲ ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದವರಲ್ಲಿ ಯೇಸುಸಭೆಯವರೂ ಇದ್ದಾರೆ. ಬಾಸ್ಟನ್ ಕಾಲೇಜಿನ ಫಾದರ್ ಸಿರಿಲ್ ಒಪೀಲ್ ಮತ್ತು ವ್ಯಾಟಿಕನ್ ವೀಕ್ಷಣಾಲಯದ ಬ್ರದರ್ ಗೈ ಕೊನ್ಸೊಲ್ಮಾನ್ಯೊ ಉಲ್ಕಾಶಿಲೆಗಳನ್ನು ಕೊರೆಯುವ ಚಳಿಗೆ ಇಳಿಸಿ, ಅವುಗಳಲ್ಲಿ ಶಾಖ ನಿರೀಕ್ಷಿಸಿದ್ದಕ್ಕಿಂತ ಬಹಳ ನಿಧಾನ ಹರಿಯುತ್ತದೆಂದು 2010ರಲ್ಲಿ ತೋರಿಸಿದರು. 1860ರ ಜುಲೈ 14ರಂದು ಧರ್ಮಶಾಲೆಯಲ್ಲಿ ಬಿದ್ದ ಉಲ್ಕಾಶಿಲೆಯ ತುಂಡುಗಳು ಕೈಯಲ್ಲಿ ಹಿಡಿಯಲಾಗದಷ್ಟು ತಣ್ಣಗಿದ್ದವು ಎಂಬ ವರದಿಯನ್ನು ಇಲ್ಲಿ ಅನೇಕರು ಎತ್ತಿ ಹೇಳುತ್ತಾರೆ. ನನಗೆ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಭೂಮಿಯ ಹತ್ತಿರ ಸುತ್ತುವ ಕಲ್ಲು ಅಷ್ಟೊಂದು ಕೊರೆಯಬೇಕಿಲ್ಲ. ಬಿದ್ದ ಕೂಡಲೆ ಬೆಂಕಿ ಹತ್ತಿಸುತ್ತದೆ ಎಂಬುದೂ ಅಷ್ಟೇ ದುರ್ಬಲ ಮಾತು. ಗಾಳಿಯಲ್ಲಿ ಕೆಲವೇ ಸೆಕೆಂಡು ಉರಿಯುವಾಗ ಹೊರಗಿನ ತೆಳು ಸಿಪ್ಪೆ ಮಾತ್ರ ಕರಗುತ್ತದೆ.

ಬೆನ್ನು ಎಂಬ ಕ್ಷುದ್ರಗ್ರಹದಲ್ಲಿ ಹಗಲು 127 ಡಿಗ್ರಿ, ರಾತ್ರಿ ಮೈನಸ್ 23. ಅದು 4.3 ಗಂಟೆಗೊಮ್ಮೆ ಒಂದು ಸುತ್ತು ತಿರುಗುವುದರಿಂದ ಈ ಏರಿಳಿತ ದಿನಕ್ಕೆ ಐದಾರು ಸಲ. ಬಂಡೆಗಳೇ ಸೀಳುತ್ತವೆ. ನಮ್ಮ ಕಡೆ ಕಲ್ಲು ಕೆಲಸದವರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದುದೂ ಇದೇ ಉಪಾಯದಿಂದ.

ರಾಗಿ ಹೊಲ ಕಾಯುವವರು ಡಿಸೆಂಬರಿನಲ್ಲಿ ಚುಕ್ಕಿ ಬೀಳುವುದನ್ನು ಹೆಚ್ಚಾಗಿ ನೋಡುತ್ತಾರೆ. 13, 14ರ ರಾತ್ರಿ ಬೀಳುವ ಆ ಉಲ್ಕೆಗಳು 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹದ ಚೂರುಗಳು. ಸೂರ್ಯನಿಗೆ ಅತಿ ಹತ್ತಿರ ಬಂದಾಗ ಅದರ ಮೈ ಸುಮಾರು 750 ಡಿಗ್ರಿಗೆ ಕಾಯುತ್ತದೆ, ಕಲ್ಲಿನೊಳಗಿನ ಸೋಡಿಯಂ ಆವಿಯಾಗಿ ಬಾಲ ಮೂಡುತ್ತದೆ. ಮಧ್ಯರಾತ್ರಿಯ ನಂತರ ನೆತ್ತಿಯ ಕಡೆ ನೋಡಿ, ದೂರದರ್ಶಕ ಬೇಡ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ನಮ್ಮ ಕಾಡಿಗೆ ಬಂದಿರುವ ಕಾಲ ಅದು, ಹೊಲದಂಚಿಗೆ ಒಬ್ಬೊಬ್ಬರೇ ಹೋಗಬೇಡಿ, ಮನೆಯ ತಾರಸಿಯೇ ಸಾಕು.